ಬ್ಯಾಟರಿ ಕೂಡುವ ಜಾಗ

ಮೊಮ್ಮಕ್ಕಳೇ, ನಮ್ಮ ಪಡಸಾಲೆಯ ಬಾಗಿಲಿಗೆ ಒತ್ತಿ ಇಟ್ಟ ಮರಳಿನ ಗಂಟು ನಿಮ್ಮ ಕಾಲಿಗೆ ಸಿಗದ ರಜೆಯೇ ಇಲ್ಲ. ಮೊನ್ನೆ ಸಣ್ಣವನು ಅದಕ್ಕೆ ಎಡವಿ ಬಿದ್ದು, "ಆಯೀ, ಈ ಹಳೇ ಗಂಟು ಯಾಕ ಇಟ್ಟೀ ಬೇ? ತಿಪ್ಪಿಗೆ ಒಗಿ" ಎಂದು ಹಟ ಮಾಡಿದ. ನಾನು ಗಂಟನ್ನು ಎತ್ತಿ, ಧೂಳು ಕೊಡವಿ, ಮತ್ತೆ ಅಲ್ಲೇ ಇಟ್ಟೆ. ಅದು ಒಂದು ಕಾಲಕ್ಕೆ ವಿಮಾನದ ಬ್ಯಾಟರಿಯಾಗಿತ್ತು ಎಂದು ಹೇಳಿದ್ದರೆ ನೀವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ.

ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಂದ ಹೇಳುವುದು ನನಗೆ ಮೊದಲಿನಿಂದಲೂ ಒಗ್ಗಿಲ್ಲ. ನಾಲ್ಕು ಮಂದಿ ಕೂತಲ್ಲಿ ನನ್ನ ಮಾತು ಗಂಟಲ ತನಕ ಬರುತ್ತದೆ, ಮಂದಿಯನ್ನು ನೋಡುತ್ತದೆ, ತಿರುಗಿ ಒಳಗೆ ಹೋಗುತ್ತದೆ. ಊರ ಸಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ, ಉತ್ತರ ಬರೆದ ಪಾಟಿಯನ್ನು ಉಟ್ಟ ಪರಕಾರದ ನಿರಿಗೆಯ ಕೆಳಗೆ ಮುಚ್ಚಿಕೊಂಡು ಕೂಡುತ್ತಿದ್ದೆ. ಎದ್ದು ನಿಂತು ಹೇಳುವುದಕ್ಕಿಂತ ಬೈಸಿಕೊಳ್ಳುವುದು ಹಗುರಾಗಿ ಕಾಣುತ್ತಿತ್ತು. ನಮ್ಮ ಮನೆಯ ಮದುವೆ ಫೋಟೋಗಳನ್ನು ತೆಗೆದು ನೋಡಿರಿ. ಒಂದರಲ್ಲಿ ನನ್ನ ಮೊಳಕೈ ಇದೆ, ಇನ್ನೊಂದರಲ್ಲಿ ಸೆರಗು, ಮತ್ತೊಂದರಲ್ಲಿ ಕಂಬದ ಹಿಂದಿನಿಂದ ಇಣುಕುವ ಅರ್ಧ ಮುಖ. ನನ್ನ ಸ್ವಂತ ಮದುವೆಯ ಫೋಟೋದಲ್ಲಿ ಮಾತ್ರ ಇಡೀ ಇದ್ದೇನೆ. ಅಲ್ಲಿಯೂ ಬಾಸಿಂಗದ ಮರೆಯಲ್ಲಿ.

ವಿಮಾನದ ಸುದ್ದಿಗೆ ಬರುತ್ತೇನೆ. ನೀವು ಆಗ ಬಹಳ ಸಣ್ಣವರು. ನಿಮ್ಮವ್ವ ಗಿರಿಜಾ ಹುಬ್ಬಳ್ಳಿಯ ಕಾಲೇಜಿನಲ್ಲಿ ಯಂತ್ರಗಳ ಪಾಠ ಹೇಳುತ್ತಿದ್ದಳು. ರಜೆ ಸಿಕ್ಕರೆ ಸಾಕು, ನಿಮ್ಮನ್ನು ನನ್ನ ಮಡಿಲಿಗೆ ಹಾಕಿ, ಶಲವಡಿಯ ನಮ್ಮ ಹೊಲದಲ್ಲಿರುವ ಹತ್ತಿ ಗೋದಾಮಿಗೆ ಓಡುತ್ತಿದ್ದಳು. ಅಲ್ಲಿ ಅವಳ ಬಸಣ್ಣ ಕಾಕಾ, ಅಂದರೆ ನನ್ನ ಮೈದುನ, ಕಾಯುತ್ತಿದ್ದ. ವಾಯುಸೇನೆಯಲ್ಲಿ ವಿಮಾನಗಳ ರಿಪೇರಿ ಮಾಡಿ ನಿವೃತ್ತನಾಗಿ ಬಂದವನು ಅವನು. ಇನ್ನು ಹೊಲಮನೆ ನೋಡಿಕೊಂಡು ಇರುತ್ತಾನೆ ಎಂದು ನಾವು ಅಂದುಕೊಂಡರೆ, ಆತ ಸುಮ್ಮನೆ ನಿಂತ ಟ್ರ್ಯಾಕ್ಟರನ್ನೂ ಬಿಚ್ಚಿ ಕೂಡುತ್ತಿದ್ದ. ಕಾಕಾ ಮತ್ತು ಮಗಳು ಸೇರಿ, ಇಬ್ಬರು ಕೂಡುವ ಸಣ್ಣ ವಿಮಾನವೊಂದರ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿದರು. ಹತ್ತಿ ಒಟ್ಟುತ್ತಿದ್ದ ಜಾಗದಲ್ಲಿ ರೆಕ್ಕೆಗಳು ಗೋಡೆಗೆ ಒರಗಿ ನಿಂತವು. ಗಿರಿಜಾ ಅಷ್ಟರೊಳಗೆ ಹಾರಿಸುವುದನ್ನೂ ಕಲಿತು ಬಂದಿದ್ದಳು. ಮುಗಿದ ಮೇಲೆ ಮೊದಲ ಸಲ ಅದನ್ನು ಒಬ್ಬಳೇ ಹಾರಿಸುವವಳು ತಾನೇ ಎಂದು ಸಾರಿಬಿಟ್ಟಿದ್ದಳು. ನನಗೆ ಅಂದಿನಿಂದ ಊಟ ರುಚಿಸಲಿಲ್ಲ.

ವಿಮಾನವೆಂದರೆ ನನಗೆ ಮೊದಲಿಂದಲೂ ದಿಗಿಲು. ನನ್ನ ತವರು ಯಮನೂರ ಕಡೆ. ನಾನು ಹುಡುಗಿಯಾಗಿದ್ದಾಗ ಒಮ್ಮೆ ಹತ್ತಿ ಹೊಲಗಳಿಗೆ ಔಷಧ ಹೊಡೆಯಲು ಒಂದು ವಿಮಾನ ಬಂದಿತ್ತು. ಗಿಡದ ತಲೆಗೆ ತಾಗುವ ಹಾಗೆ ಗೊರ್ ಎಂದು ಬಂದದ್ದೇ ತಡ, ಉಳಿದ ಹುಡುಗರು ಕುಣಿಯುತ್ತ ಅದರ ಹಿಂದೆ ಓಡಿದರೆ ನಾನು ನಮ್ಮ ಎತ್ತಿನ ಚಕ್ಕಡಿಯ ಕೆಳಗೆ ಹೊಕ್ಕೆ. ಅದು ಹೋಗಿ ಎಷ್ಟೋ ಹೊತ್ತಾದರೂ ಹೊರಗೆ ಬರಲಿಲ್ಲ. ಅಪ್ಪ ಬಗ್ಗಿ ನೋಡಿ, "ನೀಲವ್ವಾ, ಅದು ನಿನ್ನ ಹುಡುಕ್ಕೊಂತ ಬಂದಿಲ್ಲವ್ವ, ಹೊರಗ ಬಾ" ಎಂದು ನಕ್ಕ.

ಆ ಚಕ್ಕಡಿಯಲ್ಲಿ ನನಗೊಂದು ಕೆಲಸವಿತ್ತು. ಹತ್ತಿ ತುರುಕಿದ ದೊಡ್ಡ ಅಂಡಿಗೆಗಳನ್ನು ಹೇರಿದ ಮೇಲೆ ಅಪ್ಪ ನೊಗಕ್ಕೆ ಕೈ ಕೊಟ್ಟು ಎತ್ತಿ ನೋಡುತ್ತಿದ್ದ. ಮುಂದೆ ಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದೆ ಭಾರವಾದರೆ ನೊಗ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಹೇರಿದ ಅಂಡಿಗೆ ಮತ್ತೆ ಇಳಿಸುವವರು ಯಾರು? ಅಪ್ಪ ನನ್ನನ್ನು ಎತ್ತಿ ಹೇರಿನ ಮೇಲೆ ಕೂಡಿಸಿ, "ಹಿಂದ ಸರಿಯವ್ವ, ಇನ್ನಷ್ಟು, ಹಾಂ, ಚೂರು ಮುಂದ" ಎನ್ನುತ್ತಿದ್ದ. ನಾನು ಕಡ್ಡಿಯಂಥ ಹುಡುಗಿ. ಆದರೂ ತೀರ ಹಿಂದಿನ ತುದಿಗೆ ಹೋಗಿ ಕೂತರೆ ಅಷ್ಟು ದೊಡ್ಡ ಹೇರು ನನ್ನ ಮಾತು ಕೇಳುತ್ತಿತ್ತು. ನಡುವೆ ಕೂತರೆ ನಾನು ಇದ್ದೇನೋ ಇಲ್ಲವೋ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ನೊಗ ಅಂಗೈ ಮೇಲೆ ಹಗುರಾಗಿ ನಿಂತಾಗ ಅಪ್ಪ ಹೇಳುತ್ತಿದ್ದ: "ಬರೋಬ್ಬರಿ ಆತು. ಅಲ್ಲೇ ಕೂಡು, ಅಳ್ಳಾಡಬ್ಯಾಡ." ಊರು ಬರುವ ತನಕ ನಾನು ಅಳ್ಳಾಡುತ್ತಿರಲಿಲ್ಲ. ಈ ಲೋಕದಲ್ಲಿ ನನಗೆಂದೇ ಇದ್ದ ಜಾಗ ಅದೊಂದೇ ಎಂದು ಅನಿಸುತ್ತಿತ್ತು.

ಗೋದಾಮಿನಲ್ಲಿ ಕಾಕಾನಿಗೂ ಮಗಳಿಗೂ ನಡೆದ ಜಗಳ ಕೇಳಿದಾಗ ನನಗೆ ಆ ಚಕ್ಕಡಿಯೇ ಕಣ್ಣ ಮುಂದೆ ಬಂತು. ಜಗಳ ಬ್ಯಾಟರಿಯದು. ಎಂಜಿನ್ ಚಾಲೂ ಮಾಡಲು ವಿಮಾನಕ್ಕೂ ಒಂದು ಬ್ಯಾಟರಿ ಬೇಕು. ಅದನ್ನು ಎಲ್ಲಿ ಕೂಡಿಸುವುದು?

"ಎಂಜಿನ್ ಬಾಜುಕ ಇಡಬೇಕು. ಮೂಗಿನ್ಯಾಗ," ಎಂದ ಬಸಣ್ಣ. "ವಯರ್ ಗೇಣುದ್ದ ಸಾಕು. ಹಿಂದ ಇಟ್ರ ಅಷ್ಟುದ್ದ ತಾಮ್ರದ ವಯರ್ ಎಳಕೊಂಡ ಬರಬೇಕು. ಅದರದ ಒಂದ ಭಾರ ಆಕ್ಕೈತಿ."

"ಎಂಜಿನ್ ಕಾವಿಗೆ ಬ್ಯಾಟರಿ ಸಾಯ್ತೈತಿ ಕಾಕಾ. ಮ್ಯಾಲ ನಮ್ಮ ಎಂಜಿನ್ ಮೊದಲ ಭಾರ. ಈಗ ಮೂಗು ತಗ್ಗತೈತಿ. ಸೀಟಿನ ಹಿಂದ ಇಟ್ರ ತೂಗ್ತೈತಿ."

ಎಲ್ಲರಿಗೂ ಚಹಾ ತಂದಿದ್ದ ಶಾಂತವ್ವ ಬಾಯಿ ಹಾಕಿದಳು. ಶಾಂತವ್ವ ಬಸಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನನಗೆ ಇಲ್ಲದ ಮಾತೆಲ್ಲ ದೇವರು ಅವಳಿಗೇ ಕೊಟ್ಟುಬಿಟ್ಟಿದ್ದಾನೆ. "ಬೆಂಕಿ ಕರೆಂಟಿಂದ ಏನಿದ್ರೂ ಆಗ್ನೇಯ ಮೂಲ್ಯಾಗ ಇರಬೇಕು ನೋಡ್ರಿ," ಎಂದಳು.

"ಚಿಗವ್ವಾ, ವಿಮಾನ ತಿರುಗಿದ್ರ ಆಗ್ನೇಯನೂ ತಿರಗತೈತಲ್ಲ ಬೇ," ಎಂದಳು ಗಿರಿಜಾ.

"ಹಂಗಾದ್ರ ತಿರುಗಿಸಬ್ಯಾಡ. ನೆಟ್ಟಗ ಹೋಗಿ ನೆಟ್ಟಗ ಬಾ."

ಆಗ ಗಿರಿಜಾ ನನ್ನ ಕಡೆ ತಿರುಗಿ, "ನೀ ಹೇಳ ಯವ್ವಾ, ನೀನಾಗಿದ್ರ ಎಲ್ಲಿಡ್ತಿದ್ದಿ?" ಎಂದು ಕೇಳಿದಳು. "ನನಗೇನ ತಿಳೀತೈತಿ" ಎಂದು ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೊರಟುಬಿಟ್ಟೆ. ಯಾವ ವಸ್ತು ಎಲ್ಲಿರಬೇಕೆಂದು ನನ್ನನ್ನು ಕೇಳಿದ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಈ ಮನೆ ಕಟ್ಟಿಸುವಾಗ ಬೀಸುವ ಕಲ್ಲು ಎಲ್ಲಿ ಹೂಳಬೇಕೆಂದು ಮಾವ, ಸೋದರಮಾವ, ಗೌಂಡಿ, ಹಾದಿಯಲ್ಲಿ ಹೋಗುವವರು ಎಲ್ಲ ಸೇರಿ ಇಡೀ ಮಧ್ಯಾಹ್ನ ಚರ್ಚೆ ಮಾಡಿದ್ದರು. ಬೀಸುವವಳು ನಾನು ಒಳಗೆ ಅವರಿಗೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಕಡೆಗೆ ಗಾಳಿ ಬೆಳಕು ಎರಡೂ ಬಾರದ ಮೂಲೆಯಲ್ಲಿ ಕಲ್ಲು ಕೂತಿತು. ಅದರ ಮುಂದೆ ನಾನು ವರ್ಷಾನುಗಟ್ಟಲೆ ಕೂತೆ.

ಆದರೆ ಮರುದಿನ ನಾನು ಒಂದು ಕೆಲಸ ಮಾಡಿದೆ. ಬ್ಯಾಟರಿಯನ್ನು ಎತ್ತಿ ಇಳಿಸಿ ಅಲ್ಲಿ ಇಲ್ಲಿ ಇಟ್ಟು ನೋಡುವಾಗ ಅದು ಕೈಜಾರಿ ಬಿದ್ದೀತೆಂದು ಅವರಿಬ್ಬರೂ ಹೆದರುತ್ತಿದ್ದರು. ನಿಮ್ಮಜ್ಜನ ಹಳೆಯ ದೋತರ ಹರಿದು ನಾನು ಒಂದು ಗಟ್ಟಿ ಚೀಲ ಹೊಲಿದೆ. ತಕ್ಕಡಿಯ ಒಂದು ಕಡೆ ಬ್ಯಾಟರಿ ಇಟ್ಟು, ಇನ್ನೊಂದು ಕಡೆ ಚೀಲಕ್ಕೆ ಮರಳು ಸುರಿದು, ಮುಳ್ಳು ನಡುವೆ ನಿಂತಾಗ ಬಾಯಿ ಹೊಲಿದುಬಿಟ್ಟೆ. ಗಿರಿಜಾ ಅದನ್ನು ನೋಡಿ ನನ್ನ ಗಲ್ಲ ಹಿಂಡಿದಳು. ಅಂದಿನಿಂದ ಆ ಗಂಟು ವಿಮಾನದೊಳಗೆ ಸಂಸಾರ ಹೂಡಿತು. ಮೂಗಿನಲ್ಲಿ ಕೂತಿತು, ಸೀಟಿನ ಕೆಳಗೆ ಕೂತಿತು, ಸೀಟಿನ ಹಿಂದೆ ಕೂತಿತು. ಪ್ರತಿ ಸಲವೂ ಎರವು ತಂದ ಯಂತ್ರಗಳ ಮೇಲೆ ವಿಮಾನ ತೂಗಿ ನೋಡಿದರು. ಸೀಟಿನ ಹಿಂದೆ ಇಟ್ಟಾಗ ತೂಕ ಸರಿಬಂತು. ಬಸಣ್ಣ ಗೊಣಗಿಕೊಂಡೇ ಅಲ್ಲಿ ಬ್ಯಾಟರಿಗೆ ತಗಡಿನ ಗೂಡು ಮಾಡಿಕೊಟ್ಟ. ನಿಜವಾದ ಬ್ಯಾಟರಿ ಗೂಡಿಗೆ ಹೋಯಿತು, ನನ್ನ ಗಂಟು ಮನೆಗೆ ಬಂತು.

ಇನ್ನು ಕಡೆಯ ತೂಕ ಒಂದು ಉಳಿದಿತ್ತು. ಮರುದಿನ ಪರೀಕ್ಷೆಗೆ ವಿಮಾನ ಖಾತೆಯ ಸಾಹೇಬರು ಬರುವವರು. ಅಷ್ಟರೊಳಗೆ ಎಲ್ಲ ಕೂಡಿಸಿದ ವಿಮಾನವನ್ನು ಒಮ್ಮೆ ತೂಗಬೇಕು. ವಿಮಾನದ ಮೂರು ಗಾಲಿಗಳ ಕೆಳಗೆ ಇಡಲು ಹತ್ತಿ ತೂಗುವ ಯಂತ್ರಗಳನ್ನು ಮತ್ತೆ ಹೊತ್ತು ತರಬೇಕೆಂದು ಕಾಕಾ, ಮಗಳು ಇಬ್ಬರೂ ಟ್ರ್ಯಾಕ್ಟರ್ ಹತ್ತಿ ಅಣ್ಣಿಗೇರಿಗೆ ಹೋದರು. ಅವರು ಅತ್ತ ಹೋದದ್ದೇ, ಇತ್ತ ಶಾಂತವ್ವ ಓಣಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಗೋದಾಮಿಗೆ ಬಂದಳು. ಎಲ್ಲರ ಕೈಯಲ್ಲೂ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ಉತ್ತತ್ತಿ, ಎಲೆ ಅಡಿಕೆ, ಬಾಳೆಹಣ್ಣು, ಕುಬಸದ ಖಣ.

"ಹೆಣ್ಣಮಗಳು ಮನಿ ಬಿಟ್ಟು ಹೊಂಟಾಳ. ಉಡಿ ತುಂಬದ ಕಳಸೂದ ಹೆಂಗ?" ಎಂದಳು ಶಾಂತವ್ವ.

"ವಿಮಾನ ಹೆಣ್ಣೇನ್ರಿ?" ಎಂದು ಒಬ್ಬಳು ಕೇಳಿದಳು.

"ಗಂಡಾಗಿದ್ರ ಇಷ್ಟೊತ್ತಿಗೆ ಹೇಳದ ಕೇಳದ ಹಾರಿ ಹೋಗಿರತಿತ್ತು!"

ಗೋದಾಮು ತುಂಬ ನಗು. ನಾನು ಬಾಗಿಲ ಬಳಿ ನಿಂತು ನಗುತ್ತಿದ್ದೆ. ನಿಮ್ಮಜ್ಜ ತೀರಿಹೋದ ಮೇಲೆ ಇಂಥ ಮಂಗಳ ಕೆಲಸಗಳಿಗೆ ನಾನು ಬಾಗಿಲ ಬಳಿಯೇ ನಿಲ್ಲುತ್ತೇನೆ. ಹಾಗೆ ನಿಲ್ಲು ಎಂದು ಯಾರೂ ಹೇಳಿದ್ದಿಲ್ಲ. ಮುಂದೆ ಬಾ ಎಂದೂ ಹೇಳಿದ್ದಿಲ್ಲ. ನಾಚಿಕೆಯ ಸ್ವಭಾವದವಳಿಗೆ ಅದು ಅಷ್ಟೇನೂ ಕಷ್ಟವಾಗಲಿಲ್ಲ ಎಂದು ನಾನೇ ನನಗೆ ಹೇಳಿಕೊಂಡಿದ್ದೆ.

ವಿಮಾನಕ್ಕೆ ಅರಿಷಿಣ ಕುಂಕುಮ ಹಚ್ಚಿದರು. ಆಮೇಲೆ ಅದರ ಉಡಿ ಎಲ್ಲಿದೆ ಎಂದು ಹುಡುಕಾಟ ನಡೆಯಿತು. ರೆಕ್ಕೆಯ ಮೇಲೆ ಇಟ್ಟರೆ ಕಾಯಿ ಉರುಳುತ್ತದೆ. ಸೀಟಿನ ಮೇಲೆ ಇಟ್ಟರೆ ಗಿರಿಜಾ ನೋಡಿ ಬೈಯುತ್ತಾಳೆ. ವಿಮಾನದಲ್ಲಿ ಒಂದು ಸೂಜಿ ಇಡಬೇಕಾದರೂ ತನ್ನನ್ನು ಕೇಳಬೇಕೆಂದು ಅವಳು ಕಟ್ಟಪ್ಪಣೆ ಮಾಡಿದ್ದಳು. ಕಡೆಗೆ ಸೀಟಿನ ಹಿಂದೆ, ಬ್ಯಾಟರಿಯ ಗೂಡಿನ ಆಚೆ, ಬಾಲದೊಳಗೆ ಹೋಗುವ ಒಂದು ಕಿಂಡಿ ಶಾಂತವ್ವನ ಕಣ್ಣಿಗೆ ಬಿತ್ತು. "ಇಲ್ಲೈತಿ ನೋಡ್ರಿ ಇದರ ಹೊಟ್ಟಿ!" ಎಂದಳು. ಒಬ್ಬೊಬ್ಬರೂ ಒಂದೊಂದು ಕಾಯಿ ಹಾಕಿದರು. ಇಷ್ಟು ದೊಡ್ಡ ಹೆಣ್ಣಿಗೆ ಹಿಡಿ ಅಕ್ಕಿ ಯಾತಕ್ಕೆ ಸಾಲುತ್ತದೆಂದು ಒಂದು ಜೋಳದ ಚೀಲವೂ ಹೋಯಿತು. ಕಣ್ಣಿಗೆ ಬೀಳಬಾರದೆಂದು ಶಾಂತವ್ವ ಎಲ್ಲವನ್ನೂ ಉದ್ದನೆಯ ಕೋಲಿನಿಂದ ಬಾಲದ ಕಡೆಯ ತುದಿಗೆ ದೂಡಿ, ಕಿಂಡಿಯ ಬಾಗಿಲು ಮುಚ್ಚಿ, ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನನಗೆ ಆ ಸನ್ನೆ ಮಾಡುವ ಅಗತ್ಯವೇ ಇರಲಿಲ್ಲ. ಆಮೇಲೆ ಎಲ್ಲರೂ ಬುತ್ತಿ ತರಲು ಮನೆಗೆ ಹೋದರು. ಗೋದಾಮು ಕಾಯಲು ನಾನೊಬ್ಬಳು ಉಳಿದೆ.

ಯಂತ್ರಗಳು ಬಂದವು. ವಿಮಾನವನ್ನು ಅವುಗಳ ಮೇಲೆ ನಿಲ್ಲಿಸಿದರು. ಬಸಣ್ಣ ಅಂಕಿ ಓದಿದ, ಗಿರಿಜಾ ಮೊಬೈಲಿನಲ್ಲಿ ಲೆಕ್ಕ ಹಾಕಿದಳು. ಮತ್ತೆ ಓದಿಸಿದಳು, ಮತ್ತೆ ಹಾಕಿದಳು. ಅವಳ ಮುಖ ಸಣ್ಣದಾಯಿತು.

"ಬಾಲ ಭಾರ ಬರಾಕತ್ತೈತಿ ಕಾಕಾ."

"ನಾ ಮೊದಲ ಹೇಳಿದ್ದೆ. ಬ್ಯಾಟರಿ ಮೂಗಿಗೆ ಒಯ್ಯಿ ಅಂತ."

"ಮರಳ ಗಂಟು ಇಟ್ಟಾಗ ಸರಿ ಇತ್ತಲ್ಲ?"

"ಗಂಟಿಗೆ ವಯರ್ ಇತ್ತೇನು? ಕ್ಲಾಂಪ್ ಇತ್ತೇನು?"

"ಅವೆಲ್ಲಾ ಲೆಕ್ಕದಾಗ ಹಿಡದೀನಿ."

"ಲೆಕ್ಕ ನಿಂದು, ತೂಕ ಯಂತ್ರದ್ದು. ಯಾವುದನ್ನ ನಂಬಿ ಹಾರತಿ ನೀ?"

ಬಾಲ ಭಾರವಾದ ವಿಮಾನ ಏನು ಮಾಡುತ್ತದೆ ಎಂದು ಬಸಣ್ಣ ನಮಗೆಲ್ಲ ಹಿಂದೆಯೇ ಹೇಳಿದ್ದ. ಮೂಗು ಮೇಲೆತ್ತಿ ಇಳಿಸಲು ಒಲ್ಲೆ ಎನ್ನುತ್ತದೆ, ವೇಗ ಕಳೆದುಕೊಳ್ಳುತ್ತದೆ, ಆಮೇಲೆ ಬೀಳುತ್ತದೆ. ಗಿರಿಜಾ ಇನ್ನೊಮ್ಮೆ ಅಂಕಿಗಳನ್ನು ನೋಡಿದಳು. ಕಡೆಗೆ, "ಆತು, ಮೂಗಿಗೆ ಒಯ್ಯೂಣು" ಎಂದು ಡ್ರಿಲ್ ಮಶೀನು ಎತ್ತಿಕೊಂಡಳು. ಎಂಜಿನ್ನಿಗೂ ಕೂಡುವವರಿಗೂ ನಡುವೆ ಬೆಂಕಿ ತಡೆಯುವ ಒಂದು ತಗಡಿನ ಗೋಡೆ ಇರುತ್ತದೆ. ಅದಕ್ಕೆ ತೂತು ಕೊರೆಯಬೇಕು. ಒಮ್ಮೆ ಕೊರೆದರೆ ಕೊರೆದಂತೆಯೇ.

ಮಕ್ಕಳೇ, ಅಷ್ಟು ದೊಡ್ಡ ವಿಮಾನಕ್ಕೆ ನಾಲ್ಕು ಕಾಯಿ ಯಾವ ಲೆಕ್ಕ ಎಂದು ನಾನು ಆ ತನಕ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಬಾಲದ ತುದಿಯನ್ನು ನೋಡುತ್ತಿದ್ದಂತೆ, ಹತ್ತಿಯ ಹೇರಿನ ಹಿಂದಿನ ತುದಿಯಲ್ಲಿ ಕೂತ ಕಡ್ಡಿಯಂಥ ಹುಡುಗಿ ಕಂಡಳು. ಅಪ್ಪನ ಕೈಯಲ್ಲಿ ನೊಗ ಮೇಲೇಳುತ್ತಿತ್ತು. ಕಾಯಿ ಇದ್ದಾಗ ಸರಿಮಾಡಿಕೊಂಡು ಹಾರಿದರೆ, ನಾಳೆ ಯಾರೋ ಕಾಯಿ ತೆಗೆದ ದಿನ ನನ್ನ ಮಗಳ ಗತಿ ಏನು?

"ಗಿರಿಜಾ," ಎಂದೆ.

"ತಡಿ ಬೇ, ಚಹಾ ಆಮ್ಯಾಲ."

ಡ್ರಿಲ್ ಗುರ್ ಎಂದಿತು. ನನ್ನ ಮಾತು ಎಂದಿನಂತೆ ಗಂಟಲಿಗೆ ಬಂದು ತಿರುಗಿ ಹೊರಟಿತ್ತು. ಅದನ್ನು ಹಿಡಿದು ಎಳೆದೆ.

"ಚಹಾ ಅಲ್ಲ! ಕೊರೀಬ್ಯಾಡ! ಅದಕ್ಕ ಉಡಿ ತುಂಬ್ಯಾರ!"

ಆ ದನಿ ನನ್ನದೆಂದು ನನಗೇ ನಂಬಿಕೆ ಬರಲಿಲ್ಲ. ಗೋದಾಮಿನ ತಗಡು ಝಣ್ ಎಂದಿತು, ತೊಲೆಯ ಮೇಲಿನ ಪಾರಿವಾಳಗಳು ಹಾರಿ ಹೋದವು. ಡ್ರಿಲ್ ನಿಂತಿತು.

"ಯಾರಿಗ್ರಿ ವೈನಿ?" ಎಂದು ಬಸಣ್ಣ ಅತ್ತಿಗೆಯಾದ ನನ್ನ ಕಡೆ ತಿರುಗಿದ.

"ವಿಮಾನಕ್ಕ. ಬಾಲದಾಗೈತಿ."

ಬಸಣ್ಣ ಕಿಂಡಿ ತೆರೆದು ಸೊಂಟದ ತನಕ ಒಳಗೆ ತೂರಿದ. ಒಳಗಿನಿಂದ ಅವನ ದನಿ ಕೊಡದೊಳಗಿಂದ ಬಂದಂತೆ ಬರುತ್ತಿತ್ತು. "ಕಾಯಿ... ಇನ್ನೊಂದ ಕಾಯಿ... ಅಯ್ಯಯ್ಯ, ಜೋಳದ ಚೀಲ! ವೈನಿ, ಬಾಳೆಹಣ್ಣನೂ ಅದಾವ್ರಿ!" ಗಿರಿಜಾ ನೆಲದ ಮೇಲೆ ಕೂತು, ಡ್ರಿಲ್ ಮಶೀನನ್ನು ಅವುಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅದರಲ್ಲಿ ಎಷ್ಟು ನಗು, ಎಷ್ಟು ಅಳು ಎಂದು ನಾನು ಕೇಳಲಿಲ್ಲ.

ಖಾಲಿ ಮಾಡಿ ತೂಗಿದರೆ ತೂಕ ಸರಿಯಾಗಿತ್ತು. ಬ್ಯಾಟರಿ ತನ್ನ ಗೂಡಿನಲ್ಲೇ ಕೂತಿತು. "ಗೆದ್ದಿ ಬಿಡವ್ವ ನೀನ," ಎಂದು ಬಸಣ್ಣ ಮಗಳ ತಲೆಯ ಮೇಲೆ ಮೊಟಕಿದ. ಅಷ್ಟರಲ್ಲಿ ಬುತ್ತಿ ಹೊತ್ತ ಶಾಂತವ್ವನ ಸವಾರಿ ಬಂತು. ಬಸಣ್ಣನ ಎರಡೂ ತೋಳಿನಲ್ಲಿ ಕಾಯಿಗಳನ್ನು ಕಂಡು ಬಾಗಿಲಲ್ಲೇ ನಿಂತಳು.

"ತುಂಬಿದ ಉಡಿ ಬರಿದ ಮಾಡೀರೇನು? ಕೈ ಹೆಂಗ ಬಂತ ನಿಮಗ? ನೆಲಕ್ಕ ಇಟ್ಟೀರಿ ಮತ್ತ, ಖಬರದಾರ್!"

"ಚಿಗವ್ವಾ, ಬಾಲದಾಗ ಇಟ್ರ ನಾ ನೆಲಕ್ಕ ಬೀಳ್ತೀನಿ."

ಶಾಂತವ್ವ ಪೆಚ್ಚಾದಳು. ಅಷ್ಟು ಪೆಚ್ಚಾದ ಶಾಂತವ್ವನನ್ನು ನಾನು ಹಿಂದೆ ಮುಂದೆ ಕಂಡಿಲ್ಲ. "ಹಂಗಾದ್ರ ಎಲ್ಲಿ ಇಡೂದ ಇದನ್ನ?" ಎಂದು ಮೆಲ್ಲಗೆ ಕೇಳಿದಳು.

"ಸೀಟಿನ್ಯಾಗ ಇಟ್ರ ಏನೂ ಆಗೂದಿಲ್ಲ. ವಿಮಾನದ ನಡಾ ಅದು," ಎಂದಳು ಗಿರಿಜಾ. "ಈಗ ಇಬ್ಬರು ಕೂತು ತೂಗಬೇಕಾಗೈತಿ. ಕೂತವರ ಉಡ್ಯಾಗ ಇಡ್ರಿ. ನಾ ಒಂದ ಸೀಟಿನ್ಯಾಗ ಕೂಡ್ತೀನಿ. ಚಿಗವ್ವಾ, ಇನ್ನೊಂದಕ್ಕ ನೀ ಬರ್ತಿ?"

"ನಾ ಕೂತ್ರ ಯಂತ್ರ ಮುರದೀತು. ಅಕ್ಕನ್ನ ಕರಿ."

"ನಾನೂ ಅವ್ವನ್ನ ಕರೀಬೇಕಂತ ಇದ್ದೆ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಬಾಗಿಲ ಬಳಿ ಮರೆಯಾಗಲು ಕಂಬವಿರಲಿಲ್ಲ. ಬಸಣ್ಣ ಸ್ಟೂಲ್ ಇಟ್ಟ. ಗಿರಿಜಾ ಕೈ ಹಿಡಿದಳು. ನಾನು ಸೀರೆ ಸಾವರಿಸಿಕೊಂಡು ಹತ್ತಿ ಕೂತೆ. ಶಾಂತವ್ವ ಮೊದಲ ಕಾಯಿ ಹಿಡಿದು ಹತ್ತಿರ ಬಂದವಳು ಅರೆಕ್ಷಣ ನಿಂತಳು. ಹಿಂದಿದ್ದ ಹೆಣ್ಣುಮಕ್ಕಳು ನನ್ನ ಬರಿ ಹಣೆಯನ್ನು ನೋಡಿದರು. ನಾನು ಸೆರಗನ್ನು ಎಳೆದುಕೊಂಡು, "ನನಗ ಬ್ಯಾಡ ಶಾಂತಾ," ಎಂದೆ.

"ನಿನಗ ಯಾರು ತುಂಬಾಕತ್ತಾರ? ನಾ ವಿಮಾನಕ್ಕ ತುಂಬಾಕತ್ತೀನಿ. ಸೆರಗ ಹಿಡಿ."

ಹಿಡಿದೆ. ಕಾಯಿ ಬಿತ್ತು, ಉತ್ತತ್ತಿ ಬಿತ್ತು, ಎಲೆ ಅಡಿಕೆ ಬಿತ್ತು. ಜೋಳವನ್ನು ಅವಳು ಚೀಲದಿಂದ ಬೊಗಸೆ ಬೊಗಸೆ ತುಂಬಿದಳು. ಆಮೇಲೆ ಹಸಿರು ಖಣವೊಂದನ್ನು ಬಿಚ್ಚಿ, ನಿರಿಗೆ ಸರಿಮಾಡಿ, ಎಲ್ಲದರ ಮೇಲೆ ಇಟ್ಟು, ಸೆರಗಿನ ತುದಿಯನ್ನು ಜತನದಿಂದ ನನ್ನ ಸೊಂಟಕ್ಕೆ ಸಿಕ್ಕಿಸಿದಳು. ವಿಮಾನದ ಉಡಿಯನ್ನು ಯಾರಾದರೂ ಹಾಗೆ ಸೊಂಟಕ್ಕೆ ಸಿಕ್ಕಿಸುತ್ತಾರೆಯೇ?

ಬಸಣ್ಣ ಅಂಕಿ ಓದಿದ. ಗಿರಿಜಾ ಪಕ್ಕದ ಸೀಟಿನಲ್ಲಿ ಕೂತು ಲೆಕ್ಕ ಹಾಕಿದಳು. ಅವಳು ಮೊಬೈಲಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು.

"ಬರೋಬ್ಬರಿ ಆತು. ಅಲ್ಲೇ ಕೂಡ ಯವ್ವಾ, ಅಳ್ಳಾಡಬ್ಯಾಡ."

ಅವಳು ತನ್ನ ಅಜ್ಜನನ್ನು, ಅಂದರೆ ನನ್ನ ಅಪ್ಪನನ್ನು, ಕಂಡವಳಲ್ಲ. ಚಕ್ಕಡಿಯ ಕಥೆ ನಾನು ಅವಳಿಗೆ ಹೇಳಿದ್ದೂ ಇಲ್ಲ. ಬಸಣ್ಣ ಅದೇ ಗಳಿಗೆಗೆ ಒಂದು ಫೋಟೋ ಹೊಡೆದ. ಪಡಸಾಲೆಯ ಗೋಡೆಯ ಮೇಲೆ, ಗಂಟಿನ ನೇರಕ್ಕೆ ತೂಗುಹಾಕಿದೆ ನೋಡಿರಿ. ಅದರಲ್ಲಿ ನಾನು ಇಡೀ ಇದ್ದೇನೆ, ಮೊಳಕೈ ಸೆರಗು ಎಲ್ಲ ಸೇರಿ.

ಸಾಹೇಬರು ಬಂದರು, ತೂಕ ನೋಡಿದರು, ಬ್ಯಾಟರಿಯ ಗೂಡು ಅಲ್ಲಾಡಿಸಿ ನೋಡಿದರು, ಒಪ್ಪಿದರು. ಗಿರಿಜಾ ಒಬ್ಬಳೇ ಹಾರಿದಳು, ಇಳಿದಳು, ಮತ್ತೆ ಮತ್ತೆ ಹಾರಿದಳು. ನನಗೆ ಊಟ ರುಚಿಸತೊಡಗಿತು. ಇಬ್ಬರು ಹಾರಬಹುದು ಎಂದಾದ ದಿನ ನನ್ನನ್ನು ಅದೇ ಸೀಟಿಗೆ ಕೂಡಿಸಿ ಪಟ್ಟಿ ಬಿಗಿದಳು. ಹೊಲದ ನಡುವೆ ಗರಸು ಮಣ್ಣು ಹಾಕಿದ ಹಾದಿಯ ಮೇಲೆ ವಿಮಾನ ಚಕ್ಕಡಿಯಂತೆ ಗಡಗಡ ಓಡಿತು. ಆಮೇಲೆ ಗಡಗಡ ನಿಂತೇ ಹೋಯಿತು.

ಕೆಳಗೆ ಎರೆಹೊಲಗಳು ಕರಿ ಕಂಬಳಿಯಂತೆ ಹಾಸಿದ್ದವು. ನಡುನಡುವೆ ಒಡೆದ ಹತ್ತಿ. ದೂರದಲ್ಲಿ ಬೆಣ್ಣಿಹಳ್ಳದ ಸೊಟ್ಟ ಗೆರೆ, ಅದರಾಚೆ ಎಲ್ಲೋ ನನ್ನ ತವರು. ನೋಡುವ ಆಸೆಗೆ ಬಗ್ಗಿದವಳು ತಟ್ಟನೆ ನೆಟ್ಟಗಾದೆ. "ನಾ ಸರದ್ರ ತೂಕ ಕೆಡತೈತೇನವ್ವ?" ಎಂದು ಕೇಳಿದೆ.

"ಇಲ್ಲ ಬೇ. ಎಷ್ಟ ಬೇಕಷ್ಟು ಅಳ್ಳಾಡು. ನಡುವ ಕೂತೀ ನೀ."

ಗೋದಾಮಿನ ಮುಂದೆ ಇರುವೆಗಳ ಹಾಗೆ ಮಂದಿ ನಿಂತಿದ್ದರು. ಅವರಲ್ಲೊಂದು ಕೆಂಪು ಸೀರೆ. ವಿಮಾನ ಬಂದಾಗ ಚಕ್ಕಡಿಯ ಕೆಳಗೆ ಹೊಕ್ಕಿದ್ದ ನಾನು, ಕಿಟಕಿಗೆ ಮುಖ ಒತ್ತಿ, ಎದೆಯಲ್ಲಿ ಇದ್ದಷ್ಟೂ ದನಿ ಹಾಕಿ ಕೂಗಿದೆ: "ಏ ಶಾಂತವ್ವಾ! ಇಲ್ಲಿ ಅದೀನಿ ನೋಡ!"

ಎಂಜಿನ್ನಿನ ಸದ್ದಿನಲ್ಲಿ ಅದು ಕೆಳಗೆ ಕೇಳುವ ಮಾತೇ ಅಲ್ಲ. ಶಾಂತವ್ವ ಮಾತ್ರ ಇಂದಿಗೂ, ಸ್ಪಷ್ಟ ಕೇಳಿಸಿತು ಅನ್ನುತ್ತಾಳೆ.